ಮಾನ್ಯಖೇಟದ ಲೆಕ್ಕ, ಹತ್ತನೆಯ ತರಗತಿಯ ರೇಖೆ

ಕಲಬುರಗಿ ನಗರದ ಅಂಚಿನ ಕೋಟನೂರಿನಿಂದ ಹೊರಟು ಸೇಡಂ ರಸ್ತೆ ಹಿಡಿದರೆ ಸುಮಾರು 40 ಕಿ.ಮೀ. ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇದೇ. ಈ ಊರಿನ ಹೆಸರು ಕೇಳಿದರೆ ಅಮೋಘವರ್ಷ ನೃಪತುಂಗ ಮತ್ತು 'ಕವಿರಾಜಮಾರ್ಗ' ನಮ್ಮ ನೆನಪಿಗೆ ಬರುತ್ತವೆ. ಅದೇ ಅರಸನ ಕಾಲದಲ್ಲಿ ಮೂಡಿದ ಇನ್ನೊಂದು ಗ್ರಂಥವನ್ನು ನೆನೆಯುವವರು ಕಡಿಮೆ. ಅದು ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'. ಈ ಜೈನ ಗಣಿತಜ್ಞ ಗ್ರಂಥದ ಆರಂಭದಲ್ಲಿಯೇ ಅಮೋಘವರ್ಷನನ್ನು ಕೊಂಡಾಡಿದ್ದಾನೆ.

ಅದರಲ್ಲಿ ಒಂದು ಒಂಟೆ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿದೆ, ಉಳಿದ 15 ಒಂಟೆಗಳು ಹೊಳೆದಂಡೆಯಲ್ಲಿವೆ. ಹಾಗಾದರೆ ಒಟ್ಟು ಒಂಟೆಗಳೆಷ್ಟು?

ವರ್ಗಮೂಲವನ್ನು 'ಎಕ್ಸ್' ಎಂದು ಕರೆಯೋಣ. ಹಿಂಡು ಎಕ್ಸ್ ವರ್ಗವಾಗುತ್ತದೆ. ಲೆಕ್ಕವನ್ನು ನಾಲ್ಕರಿಂದ ಗುಣಿಸಿ ಒಂದೇ ಕಡೆಗೆ ತಂದರೆ, ಮೂರು ಎಕ್ಸ್ ವರ್ಗದಿಂದ ಎಂಟು ಎಕ್ಸ್ ಮತ್ತು 60 ಕಳೆದಾಗ ಸೊನ್ನೆ ಉಳಿಯಬೇಕು ಎಂದಾಗುತ್ತದೆ. ಎಕ್ಸ್ 6 ಆದರೆ 108ರಿಂದ 48 ಮತ್ತು 60 ಕಳೆದು ಸೊನ್ನೆ ಬರುತ್ತದೆ. ಹಿಂಡಿನಲ್ಲಿ 36 ಒಂಟೆಗಳು: ಕಾಡಿನಲ್ಲಿ 9, ಬೆಟ್ಟದಲ್ಲಿ 12, ಹೊಳೆದಂಡೆಯಲ್ಲಿ 15.

ಇಂದಿನ ಶಾಲೆಯಲ್ಲಿ ಇದನ್ನೇ ನಕ್ಷೆಯ ಹಾಳೆಯ ಮೇಲೆ ಬರೆಯುತ್ತಾರೆ. ಎಕ್ಸ್‌ಗೆ ಬೇರೆ ಬೇರೆ ಬೆಲೆ ಕೊಟ್ಟು, ಬಂದ ಉತ್ತರವನ್ನು 'ವೈ' ಎಂದು ಗುರುತಿಸಿದರೆ ಬಟ್ಟಲಿನಾಕಾರದ ರೇಖೆ ಮೂಡುತ್ತದೆ. ಇದೇ ಪರವಲಯ. ಇದು ನಿಂತ ಅಕ್ಷವನ್ನು ಎಲ್ಲಿ ದಾಟುತ್ತದೆಂದು ತಿಳಿಯಲು ಎಕ್ಸ್‌ಗೆ ಸೊನ್ನೆ ಕೊಟ್ಟರಾಯಿತು. ಇಲ್ಲಿ ಋಣ 60 ಸಿಗುತ್ತದೆ. ಹೊಳೆದಂಡೆಯ 15 ಒಂಟೆಗಳೇ ನಾಲ್ಕುಪಟ್ಟಾಗಿ ಇಲ್ಲಿ ಕಾಣಿಸಿಕೊಂಡಿವೆ. ಮಲಗಿದ ಅಕ್ಷವನ್ನು ದಾಟುವ ಬಿಂದುಗಳಿಗೆ ವೈ ಸೊನ್ನೆಯಾಗಬೇಕು. ಆಗ ಎರಡು ಉತ್ತರಗಳು ಬರುತ್ತವೆ: 6 ಮತ್ತು ಋಣ ಮೂರನೇ ಹತ್ತು, ಅಂದರೆ ಹತ್ತನ್ನು ಮೂರರಿಂದ ಭಾಗಿಸಿದ ಋಣ ಸಂಖ್ಯೆ. ರೇಖೆಗೆ ಎರಡೂ ಸರಿ. ಒಂಟೆಗಳಿಗೆ ಮೊದಲನೆಯದು ಮಾತ್ರ ಸರಿ.

ಮಹಾವೀರಾಚಾರ್ಯನಿಗೆ ಈ ನಕ್ಷೆ ಗೊತ್ತಿರಲಿಲ್ಲ. ಸಮೀಕರಣವನ್ನು ರೇಖೆಯಾಗಿ ನೋಡುವ ದಾರಿಯನ್ನು ಫ್ರಾನ್ಸಿನ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ. ವರ್ಗ ಸಮೀಕರಣ ಬಿಡಿಸುವ ನಿಯಮವೂ ಮಾನ್ಯಖೇಟದಲ್ಲಿ ಹುಟ್ಟಿದ್ದಲ್ಲ. ಬ್ರಹ್ಮಗುಪ್ತ ಅದನ್ನು 628ರಲ್ಲಿಯೇ ಹೇಳಿದ್ದ. ಆದರೂ ಮಹಾವೀರನ ಒಂದು ಮಾತು ಇಂದಿನ ನಕ್ಷೆಯಲ್ಲಿ ಕಣ್ಣಿಗೆ ಕಾಣುತ್ತದೆ. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಆತ ಸ್ಪಷ್ಟವಾಗಿ ಹೇಳಿದ.

ಎಕ್ಸ್ ವರ್ಗದಿಂದ ಎರಡು ಎಕ್ಸ್ ಕಳೆದು 5 ಕೂಡಿಸಿ ನೋಡಿ. ಈ ರೇಖೆ ನಿಂತ ಅಕ್ಷವನ್ನು 5ರಲ್ಲಿ ದಾಟುತ್ತದೆ. ಆದರೆ ಎಷ್ಟು ಕೆಳಗಿಳಿದರೂ 4ರಲ್ಲಿಯೇ ನಿಂತು ಮತ್ತೆ ಮೇಲೇರುತ್ತದೆ, ಮಲಗಿದ ಅಕ್ಷವನ್ನು ಮುಟ್ಟುವುದೇ ಇಲ್ಲ. ಲೆಕ್ಕ ಬಿಡಿಸಲು ಹೊರಟರೆ ಋಣ 4ರ ವರ್ಗಮೂಲ ಬೇಕಾಗುತ್ತದೆ. ಅದು ಇಲ್ಲವೆಂದರೆ ರೇಖೆ ಅಕ್ಷವನ್ನು ಸೇರುವ ಬಿಂದುವೂ ಇಲ್ಲ. ಮುಂದೆ ಗಣಿತ ಕಾಲ್ಪನಿಕ ಸಂಖ್ಯೆಗಳನ್ನು ಒಪ್ಪಿಕೊಂಡಿತು. ಆದರೂ ಹಾಳೆಯ ಮೇಲಿನ ಈ ಖಾಲಿ ಜಾಗ ಹಾಗೆಯೇ ಉಳಿದಿದೆ.

'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಅದು ಹೊರಜಗತ್ತಿಗೆ ಪರಿಚಯವಾಯಿತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಇದಕ್ಕೆ ಕಾರಣಗಳು ಹಲವು, ಒಂದು ಹಳೆಯ ಗ್ರಂಥದಿಂದ ಅವು ನೀಗುವುದಿಲ್ಲ. ಆದರೆ ಗಣಿತವೆಂದರೆ ದೂರದೂರಿನವರ ವಿದ್ಯೆ, ನಮ್ಮ ತಲೆಗೆ ಹತ್ತುವುದಲ್ಲ ಎಂದು ಹೆದರುವ ಇಲ್ಲಿನ ಹುಡುಗ ಹುಡುಗಿಯರಿಗೆ ಮೇಷ್ಟರು ಆ ಒಂಟೆಗಳಿಂದಲೇ ಪಾಠ ಶುರು ಮಾಡಬಹುದು. ಆ ಲೆಕ್ಕ ಕಟ್ಟಿದವನು ಹೊಗಳಿದ ಅರಸನ ರಾಜಧಾನಿ, ಬಸ್ಸು ಹತ್ತಿದರೆ ಒಂದು ಗಳಿಗೆಯ ದಾರಿಯಷ್ಟೇ.