ಕೊರವಂಜಿ: ವೈದ್ಯರೊಬ್ಬರು ಬೆಳೆಸಿದ ನಗೆಪತ್ರಿಕೆ

ಹಾಸ್ಯಕ್ಕೆಂದೇ ಮೀಸಲಾಗಿ 1942ರಿಂದ 1967ರವರೆಗೆ ಬೆಂಗಳೂರಿನಿಂದ ಹೊರಬಂದ ಕನ್ನಡ ಮಾಸಪತ್ರಿಕೆ ‘ಕೊರವಂಜಿ’. ಅದರ ಸ್ಥಾಪಕರೂ ಸಂಪಾದಕರೂ ಆಗಿದ್ದ ಡಾ. ಎಂ. ಶಿವರಾಂ (1905-1984) ವೃತ್ತಿಯಿಂದ ವೈದ್ಯರು. ಮೆಜೆಸ್ಟಿಕ್ ಪ್ರದೇಶದಲ್ಲಿ ಅವರ ಚಿಕಿತ್ಸಾಲಯವಿತ್ತು. ‘ರಾಶಿ’ ಎಂಬುದು ಅವರ ಕಾವ್ಯನಾಮ. ಹೆಸರಿನೊಳಗಿನ ಎರಡು ಅಕ್ಷರಗಳೇ ಅದರಲ್ಲಿ ತಿರುಗುಮುರುಗಾಗಿ ನಿಂತಿವೆ. ಕಣದಲ್ಲಿ ರಾಗಿ ರಾಶಿ ಹಾಕುವ ಚಿಂತಾಮಣಿ, ಶಿಡ್ಲಘಟ್ಟ ಸೀಮೆಯವರಿಗೆ ಆ ಪದದ ಇನ್ನೊಂದು ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೆಗೆ ಇಟ್ಟ ಹೆಸರು ಸಾರ್ಥಕವಾದದ್ದು. ಬುಟ್ಟಿ ಹೊತ್ತು ಮನೆಬಾಗಿಲಿಗೆ ಬಂದು ಕಣಿ ಹೇಳುವ ಕೊರವಂಜಿ ನಮ್ಮ ಜನಪದ ಆಟಗಳಲ್ಲಿ ಹಿಂದಿನಿಂದಲೂ ಇರುವ ಪಾತ್ರ. ಮನೆಯ ಯಜಮಾನನ ಮುಖಕ್ಕೆ ಬೇರೆ ಯಾರೂ ಹೇಳಲಾಗದ ಮಾತನ್ನು ಅವಳು ಹೇಳಬಲ್ಲಳು. ಕೇಳಿದವನು ಸಿಟ್ಟಾಗುವ ಬದಲು ಮೊರ ತುಂಬ ಧಾನ್ಯ ಕೊಟ್ಟು ಕಳುಹಿಸುತ್ತಾನೆ. ನಗೆಪತ್ರಿಕೆಯ ಸಂಪಾದಕನಿಗೆ ಇದಕ್ಕಿಂತ ಅನುಕೂಲವಾದ ವೇಷ ದೊರೆಯದು.

ಆರಂಭದ ಕಾಲ ನಗುವಿಗೆ ಒದಗಿದ್ದಲ್ಲ. ಎರಡನೆಯ ಮಹಾಯುದ್ಧ ನಡೆದಿತ್ತು, ಕಾಗದ ದುರ್ಲಭವಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ‘ಕ್ವಿಟ್ ಇಂಡಿಯಾ’ ಚಳವಳಿ ಮೊದಲಾಯಿತು. ಮೈಸೂರು ಇನ್ನೂ ಮಹಾರಾಜರ ಸಂಸ್ಥಾನ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು (ಅವು ಬೇರ್ಪಟ್ಟದ್ದು 2007ರಲ್ಲಿ). ಇಂಥ ದಿನಗಳಲ್ಲಿ ಹೊರಟ ಹಾಸ್ಯಪತ್ರಿಕೆಯೊಂದು ಕಾಲು ಶತಮಾನ ಬಾಳಿದ್ದು ಹೇಗೆಂಬುದು ವಿಚಾರಿಸತಕ್ಕ ಸಂಗತಿ.

ಮುಖ್ಯ ಕಾರಣ ಅದರ ಲೇಖಕವರ್ಗ. ಹೆಸರಾಂತರ ಬರಹಗಳನ್ನಷ್ಟೇ ಕಾದು ಕೂಡದೆ, ಬರೆಯುವ ಕೈಗಳನ್ನು ಹುಡುಕಿ ಬೆಳೆಸಿದ್ದು ಶಿವರಾಂ ಅವರ ಹೆಗ್ಗಳಿಕೆ. ದಾಶರಥಿ ದೀಕ್ಷಿತ್, ಅ.ರಾ.ಸೇ. ಮೊದಲಾದವರ ಹೆಸರು ಕೊರವಂಜಿಯೊಡನೆ ಬೆಸೆದುಕೊಂಡಿದೆ. ಟಿ. ಸುನಂದಮ್ಮ (1917-2006) ಅವರದು ಇವರೆಲ್ಲರಿಗಿಂತ ಭಿನ್ನವಾದ ಸ್ಥಾನ. ಹೆಂಡತಿ, ಅತ್ತೆ, ಸೊಸೆ ಎಂದರೆ ಗಂಡಸರ ಹಾಸ್ಯಕ್ಕೆ ಸಿದ್ಧವಸ್ತು ಎನಿಸಿದ್ದ ಕಾಲದಲ್ಲಿ, ಅದೇ ಅಡುಗೆಮನೆ ಪಡಸಾಲೆಗಳನ್ನು ಒಳಗಿನಿಂದ ಕಂಡು ನಗಿಸಿದವರು ಅವರು. ಕನ್ನಡದ ಹಾಸ್ಯ ಲೇಖಕಿಯರ ಸಾಲು ಆರಂಭವಾಗುವುದು ಅವರಿಂದಲೇ ಎನ್ನಬಹುದು.

ಮತ್ತೊಬ್ಬರು ನಾ. ಕಸ್ತೂರಿ (1897-1987). ಕೇರಳದಲ್ಲಿ ಹುಟ್ಟಿ, ಮೈಸೂರಿನಲ್ಲಿ ಅಧ್ಯಾಪಕರಾಗಿ, ಕಲಿತ ಕನ್ನಡದಲ್ಲೇ ಕನ್ನಡಿಗರನ್ನು ನಗಿಸಿದವರು. ಶಬ್ದಗಳ ಪರಿಚಿತ ಅರ್ಥವನ್ನು ಬುಡಮೇಲು ಮಾಡುವ ಅವರ ‘ಅನರ್ಥಕೋಶ’ ನಿಘಂಟಿನ ಗಾಂಭೀರ್ಯವನ್ನೇ ಅಣಕಿಸಿದ ಕೃತಿ. ಇದೇ ಕಸ್ತೂರಿಯವರು ಮುಂದೆ ನಮ್ಮ ಗಡಿಯಾಚೆಯ ಪುಟ್ಟಪರ್ತಿಯಲ್ಲಿ ನೆಲೆಸಿ ಸತ್ಯಸಾಯಿಬಾಬಾ ಅವರ ಜೀವನಚರಿತ್ರೆಕಾರರಾದರು. ಪ್ರಾಸಂಗಿಕವಾಗಿ ಒಂದು ಮಾತು: ಆ ಬಾಬಾ ಅವರ ಪವಾಡಗಳನ್ನು ಪರೀಕ್ಷೆಗೆ ಕರೆದ 1976ರ ಸಮಿತಿಯನ್ನು ರಚಿಸಿದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅರ್ಥವನ್ನೆಲ್ಲ ಅನರ್ಥ ಮಾಡಿ ನೋಡಿದವರು ಭಕ್ತರ ಕಡೆ, ಗಾಂಧಿವಾದಿ ಮೇಷ್ಟರು ಪ್ರಶ್ನೆ ಕೇಳುವವರ ಕಡೆ. ಕೊರವಂಜಿ ಆಗ ಇದ್ದಿದ್ದರೆ ಈ ವಿಷಯವನ್ನು ಬಿಡುತ್ತಿರಲಿಲ್ಲ.

ಚಿತ್ರದ ವಿಭಾಗದಲ್ಲಿ ಹೇಳಲೇಬೇಕಾದ ಹೆಸರು ಆರ್.ಕೆ. ಲಕ್ಷ್ಮಣ್. ಮುಂಬಯಿಗೆ ಹೋಗಿ ‘ಟೈಮ್ಸ್ ಆಫ್ ಇಂಡಿಯಾ’ದ ಮೂಲಕ ಶ್ರೀಸಾಮಾನ್ಯನನ್ನು ದೇಶಕ್ಕೆಲ್ಲ ಪರಿಚಯಿಸುವ ಮುನ್ನ ಅವರು ಕೊರವಂಜಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು, ಶಿವರಾಂ ಅವರ ಪ್ರೋತ್ಸಾಹ ಪಡೆದಿದ್ದರು.

ಸಂಪಾದಕರು ವೈದ್ಯರಾಗಿದ್ದುದು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಶಿವರಾಂ ಅವರಿಗೆ ಮನಶ್ಶಾಸ್ತ್ರದಲ್ಲಿ ಆಳವಾದ ಆಸಕ್ತಿಯಿತ್ತು. ಆ ವಿಷಯದ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಗಲಿಡೀ ಜನರ ನೋವನ್ನು ಕೇಳುವವರಿಗೆ, ಮನುಷ್ಯ ಎಲ್ಲಿ ನಗುತ್ತಾನೆ ಎಂಬುದೂ ತಿಳಿದಿರುತ್ತದೆ.

ಹಾಸ್ಯವನ್ನು ಉಪವೃತ್ತಿಯಾಗಿಸಿಕೊಂಡು ಸಂಸ್ಥೆಯಾಗಿ ಬೆಳೆಸಿದ ಇನ್ನೊಂದು ದೃಷ್ಟಾಂತ ದೂರದ ರಷ್ಯನ್ ಭಾಷೆಯಲ್ಲಿದೆ. ಅಮೆರಿಕದ ಕೆಂಟಕಿಯಲ್ಲಿದ್ದ ಖಭೌತ ವಿಜ್ಞಾನಿ ದಿಮಾ ವೆರ್ನರ್ 1995ರ ನವೆಂಬರ್ 8ರಂದು ‘ಅನೆಕ್‌ದೋತ್ ಡಾಟ್ ರು’ ಎಂಬ ಅಂತರ್ಜಾಲ ತಾಣವನ್ನು ಆರಂಭಿಸಿದರು. ‘ಅನೆಕ್‌ದೋತ್’ ಎಂದರೆ ರಷ್ಯನ್ನರ ಬಾಯಿಂದ ಬಾಯಿಗೆ ಹೋಗುವ ಚಿಕ್ಕ ನಗೆಕತೆ. ಓದುಗರೇ ಕಳುಹಿಸುವ ಕತೆಗಳು ಅಲ್ಲಿ ದಿನದಿನವೂ ಪ್ರಕಟವಾದವು, ಓದುಗರೇ ಮತ ನೀಡಿ ಅವುಗಳ ಶ್ರೇಣಿ ನಿರ್ಣಯಿಸಿದರು. ರಷ್ಯನ್ ಲಿಪಿಗೆ ಆಗ ಕಂಪ್ಯೂಟರಿನಲ್ಲಿ ಹಲವು ಸಂಕೇತ ಪದ್ಧತಿಗಳಿದ್ದು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೋಜಲಾಗುತ್ತಿತ್ತು. ಬಗೆಬಗೆಯ ಕನ್ನಡ ಫಾಂಟ್‌ಗಳೊಡನೆ ಹೆಣಗಾಡಿದವರಿಗೆ ಆ ಪಾಡು ಅರ್ಥವಾದೀತು. ಅಷ್ಟಾದರೂ ತಾಣ ಬೆಳೆದು ಆ ಭಾಷೆಯ ಅತ್ಯಂತ ಜನಪ್ರಿಯ ಹಾಸ್ಯತಾಣಗಳಲ್ಲಿ ಒಂದಾಯಿತು. ಕೊರವಂಜಿಯಲ್ಲಿ ಮಾತ್ರ ಮತಗಣನೆ ಇರಲಿಲ್ಲ. ಯಾವುದು ನಗು, ಯಾವುದು ಬರಿಯ ಗೇಲಿ ಎಂದು ತೂಗುವವರು ಸಂಪಾದಕರು. ಪತ್ರಿಕೆಯ ಹದ ಕೆಡದಿದ್ದುದು ಅದರಿಂದ. ಒಬ್ಬರ ಹೆಗಲ ಮೇಲೇ ಭಾರ ಬಿದ್ದುದೂ ಅದರಿಂದಲೇ.

1967ರಲ್ಲಿ ಕೊರವಂಜಿ ನಿಂತಿತು. 1983ರಲ್ಲಿ ಅದೇ ಪರಂಪರೆಯ ‘ಅಪರಂಜಿ’ ಮಾಸಪತ್ರಿಕೆ ಹುಟ್ಟಿತು; ಮರುವರ್ಷವೇ ರಾಶಿಯವರು ತೀರಿಕೊಂಡರು. ಅಪರಂಜಿ ಬಳಗದವರ ಶ್ರಮದಿಂದ ಕೊರವಂಜಿಯ ಹಳೆಯ ಸಂಚಿಕೆಗಳು ಡಿಜಿಟಲ್ ರೂಪ ಪಡೆದಿವೆ. ಅವನ್ನು ತೆರೆಯುವ ಇಂದಿನ ತರುಣರಿಗೆ ಕೆಲವೆಡೆ ಟಿಪ್ಪಣಿ ಬೇಕಾದೀತು: 1957ರಲ್ಲಿ ದಶಮಾಂಶ ನಾಣ್ಯ ಬರುವವರೆಗಿನ ಸಂಚಿಕೆಗಳ ಲೋಕ ಆಣೆ, ಪೈಗಳದು, 1956ರ ಏಕೀಕರಣದವರೆಗಿನ ಮೈಸೂರು ಹಳೆಯ ಮೈಸೂರು. ನಾಡಿಗೆ ಕರ್ನಾಟಕವೆಂಬ ಹೆಸರು ಬಂದ 1973ರ ಹೊತ್ತಿಗೆ ಕೊರವಂಜಿ ಬುಟ್ಟಿ ಕೆಳಗಿಳಿಸಿ ಆರು ವರ್ಷಗಳಾಗಿದ್ದವು.