ಬಿಸಿಲು ಸೋಸುವ ಚಪ್ಪರ: ಕೈರೋದ ಕಿಟಕಿಯಿಂದ ಅಬುಧಾಬಿಯ ಗುಮ್ಮಟದವರೆಗೆ

ಮದುವೆ ಮನೆಯ ಗರಿ ಚಪ್ಪರದ ಕೆಳಗೆ ಮಧ್ಯಾಹ್ನ ಕೂತವರಿಗೆ ಇದು ಗೊತ್ತು. ಗರಿಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ನೆಲಕ್ಕೆ ಬೀಳುತ್ತದೆ. ಹೊತ್ತು ಸರಿದಂತೆ ಚುಕ್ಕೆಗಳೂ ಸರಿಯುತ್ತವೆ. ಇದೇ ಕೆಲಸವನ್ನು ಉಕ್ಕು, ಅಲ್ಯೂಮಿನಿಯಂನಲ್ಲಿ ಮಾಡುವ ದೊಡ್ಡ ಚಪ್ಪರವೊಂದು ಅಬುಧಾಬಿಯಲ್ಲಿದೆ. ಅದರ ಕಥೆ ಶುರುವಾಗುವುದು ಬೇರೆ ಕಡೆ.

ಕೈರೋ ಪಟ್ಟಣದ ಹಳೆಯ ಮನೆಗಳಲ್ಲಿ ಮಹಡಿಯಿಂದ ಬೀದಿಯತ್ತ ಚಾಚಿಕೊಂಡ ಮರದ ಜಾಲರಿ ಕಿಟಕಿಗಳಿವೆ. ಅವಕ್ಕೆ ಮಶ್ರಬಿಯಾ ಎನ್ನುತ್ತಾರೆ. ಕುಡಿಯುವುದು ಎಂಬ ಅರ್ಥದ ಅರಬ್ಬಿ ಮಾತಿನಿಂದ ಈ ಹೆಸರು ಬಂತು ಎನ್ನುವುದು ವಾಡಿಕೆ. ಗಾಳಿಯಾಡುವ ಆ ಜಾಗದಲ್ಲಿ ನೀರು ತಣ್ಣಗಾಗಲೆಂದು ಮಣ್ಣಿನ ಮಡಕೆ ಇಡುತ್ತಿದ್ದರು. ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ. ನೆರಳು, ಗಾಳಿ, ಮರೆ ಮೂರೂ ಒಂದೇ ಕಿಟಕಿಯಲ್ಲಿ.

ಇಂಥ ಜಾಲರಿಗಳ ಮೇಲೆ, ಮಸೀದಿಗಳ ಗೋಡೆಗಳ ಮೇಲೆ ನಕ್ಷತ್ರಗಳು ಹೆಚ್ಚು. ಅವನ್ನು ಬಿಡಿಸಲು ಕೈವಾರ, ಅಳತೆಪಟ್ಟಿ ಎರಡಿದ್ದರೆ ಸಾಕು. ವೃತ್ತವನ್ನು ಆರು, ಎಂಟು ಅಥವಾ ಹತ್ತು ಸಮಭಾಗ ಮಾಡಿ, ಆ ಬಿಂದುಗಳನ್ನು ಗೆರೆಯಿಂದ ಸೇರಿಸಬೇಕು. ನಮ್ಮ ಚುಕ್ಕಿ ರಂಗೋಲಿ ಹಾಕಿ ಅಭ್ಯಾಸವಿದ್ದವರಿಗೆ ಇದರ ಲೆಕ್ಕ ಬೇಗ ಹಿಡಿತಕ್ಕೆ ಸಿಗುತ್ತದೆ. ಮಸೀದಿಯಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರ ಬಿಡಿಸುವುದಿಲ್ಲ. ಹಾಗಾಗಿ ಕುಶಲಕರ್ಮಿಗಳ ಜಾಣ್ಮೆಯೆಲ್ಲ ಗೆರೆ, ಬಳ್ಳಿ, ಅಕ್ಷರಗಳಿಗೆ ಹರಿಯಿತು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನ ಜಾಲರಿಯಾಗಿ ಕೊರೆದಿದ್ದಾರೆ.

1987ರಲ್ಲಿ ಈ ವಿದ್ಯೆ ಪ್ಯಾರಿಸ್ ತಲುಪಿತು. ಅಲ್ಲಿನ ಅರಬ್ ವಿಶ್ವ ಸಂಸ್ಥೆಯ ಕಟ್ಟಡದ ದಕ್ಷಿಣ ಗೋಡೆಗೆ ವಾಸ್ತುಶಿಲ್ಪಿ ಝಾನ್ ನೂವೆಲ್ ಮತ್ತು ಜೊತೆಗಾರರು 240 ಲೋಹದ ಫಲಕ ಕೂರಿಸಿದರು. ಒಂದೊಂದರಲ್ಲೂ ಕ್ಯಾಮೆರಾ ಕಣ್ಣಿನಂತೆ ತೆರೆದು ಮುಚ್ಚುವ ರಂಧ್ರಗಳು. ಬಿಸಿಲು ಹೆಚ್ಚಿದರೆ ಕಿರಿದಾಗಬೇಕು, ಮೋಡವಾದರೆ ಅಗಲವಾಗಬೇಕು. ನೋಡಿದವರು ಬೆರಗಾದರು. ಆದರೆ ಯಂತ್ರ ಕೈಕೊಟ್ಟು ಹಲವು ಫಲಕಗಳು ವರ್ಷಗಟ್ಟಲೆ ಅಲುಗಾಡದೆ ನಿಂತವು. ಮರದ ಜಾಲರಿಗೆ ಆ ತೊಂದರೆಯೇ ಇರಲಿಲ್ಲ. ಅದರಲ್ಲಿ ಕೆಡಲು ಯಂತ್ರವಿರಲಿಲ್ಲ.

ಮೂವತ್ತು ವರ್ಷದ ನಂತರ, 2017ರ ನವೆಂಬರ್‌ನಲ್ಲಿ, ಅದೇ ನೂವೆಲ್ ವಿನ್ಯಾಸ ಮಾಡಿದ ಲೂವ್ರ್ ಅಬುಧಾಬಿ ವಸ್ತುಸಂಗ್ರಹಾಲಯ ತೆರೆಯಿತು. ಬಿಳಿ ಕಟ್ಟಡಗಳ ಗುಂಪಿನ ಮೇಲೆ 180 ಮೀಟರ್ ಅಗಲದ ಒಂದು ಗುಮ್ಮಟ. ತೂಕ ಸುಮಾರು 7,500 ಟನ್. ಆಧಾರ ನಾಲ್ಕೇ ಕಡೆ, ಅದೂ ಕಟ್ಟಡಗಳೊಳಗೆ ಅಡಗಿದೆ. ಎಂಟು ಪದರಗಳಲ್ಲಿ 7,850 ನಕ್ಷತ್ರಗಳು. ಒಂದು ಪದರ ದಾಟಿದ ಕಿರಣವನ್ನು ಇನ್ನೊಂದು ತಡೆಯುತ್ತದೆ, ಉಳಿದದ್ದು ಚುಕ್ಕೆಯಾಗಿ ಕೆಳಗೆ ಬೀಳುತ್ತದೆ. ಖರ್ಜೂರದ ಗರಿ ಹೊದಿಸಿದ ಸೂರು ಇದಕ್ಕೆ ಸ್ಫೂರ್ತಿ. ಈ ಸಲ ಜಾಲರಿಯಲ್ಲಿ ಏನೂ ಅಲುಗಾಡುವುದಿಲ್ಲ. ಸೂರ್ಯ ಸರಿದಂತೆ ಬೆಳಕು ತಾನೇ ಸರಿಯುತ್ತದೆ.

ಆದರೆ ಆ ನಕ್ಷತ್ರಗಳನ್ನು ಮೇಲೇರಿಸಿದವರು ಯಾರು? ಗುಮ್ಮಟ ಇರುವ ದ್ವೀಪದ ಹೆಸರು ಸಾದಿಯಾತ್. ಸಂತೋಷ ಎಂಬುದು ಅದರ ಅರ್ಥ. 2009ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಆ ದ್ವೀಪದ ಕಟ್ಟಡ ಕಾರ್ಮಿಕರ ಬಗ್ಗೆ ವರದಿ ತಂದಿತು. ಅವರಲ್ಲಿ ಹೆಚ್ಚಿನವರು ಭಾರತ ಮತ್ತು ನೆರೆದೇಶಗಳವರು. ಕೆಲಸ ಸಿಗಲು ಏಜೆಂಟರಿಗೆ ಸಾಲ ಮಾಡಿ ಹಣ ಕೊಟ್ಟಿದ್ದರು, ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿತ್ತು ಎಂದು ವರದಿ ಹೇಳಿತು. ಆಮೇಲೆ ನಿಯಮಗಳು ಬಂದವು. ಸ್ವಲ್ಪ ಸುಧಾರಿಸಿದೆ, ತೊಂದರೆ ಪೂರ್ತಿ ನೀಗಿಲ್ಲ ಎಂದು 2015ರ ವರದಿ ತಿಳಿಸಿತು.

ಕೈರೋದ ಬಡಗಿಯ ಹೆಸರು ನಮಗೆ ಗೊತ್ತಿಲ್ಲ. ವಿಜಯಪುರದಲ್ಲಿ ಆ ಅಕ್ಷರ ಕೊರೆದ ಕಲ್ಲುಕುಟಿಗರ ಹೆಸರು ಕೇಳುವವರೂ ಕಡಿಮೆ. ಈ ಗುಮ್ಮಟದ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ, ಕಟ್ಟಿದವರು ಬದುಕಿದ್ದಾರೆ. ನಮ್ಮ ಊರುಗಳಿಂದಲೂ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿದ್ದಾರೆ. ಅವರು ರಜೆಗೆ ಬಂದಾಗ ಸಂಬಳ ಎಷ್ಟು ಎಂದು ಕೇಳುವ ನಾವು, ಅಲ್ಲಿ ಏನು ಕಟ್ಟಿದಿರಿ, ಹೇಗೆ ಕಟ್ಟಿದಿರಿ ಎಂದೂ ಕೇಳೋಣ. ಹೇಳಿದ್ದನ್ನು ಹೆಸರು ಸಮೇತ ಬರೆದಿಡೋಣ.