ನಾಲ್ಕನೇ ಸಲಕ್ಕೆ ದಕ್ಕಿದ ಕಂಚು

ಸೋತ ತಂಡದ ಕಥೆ ಕೇಳುವವರು ಕಡಿಮೆ. ನಾವು ಇವತ್ತು ಅಂಥದ್ದೊಂದು ಹೇಳುತ್ತೇವೆ.

1908ರ ಜುಲೈ 12ರಂದು ಸ್ವೀಡನ್ ಫುಟ್‌ಬಾಲ್ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಗೋಥೆನ್‌ಬರ್ಗ್ ನಗರದಲ್ಲಿ, ಪಕ್ಕದ ನಾರ್ವೆ ಎದುರು. ಗೆಲುವು 11–3.

ಖುಷಿ ಬಹಳ ದಿನ ಉಳಿಯಲಿಲ್ಲ. ಅಕ್ಟೋಬರ್‌ನ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ 12 ಗೋಲು ಹೊಡೆಯಿತು, ಸ್ವೀಡನ್ನಿನದು ಒಂದೇ. ಕಂಚಿನ ಪದಕದ ಪಂದ್ಯದಲ್ಲಿ ನೆದರ್‌ಲ್ಯಾಂಡ್ಸ್ 2–0ಯಿಂದ ಸೋಲಿಸಿತು.

1912ರ ಒಲಿಂಪಿಕ್ಸ್ ಸ್ವಂತ ನೆಲ ಸ್ಟಾಕ್‌ಹೋಮ್‌ನಲ್ಲಿ. ಅಲ್ಲೂ ನೆದರ್‌ಲ್ಯಾಂಡ್ಸ್ ಎದುರು 4–3ರ ಸೋಲು. 1920ರಲ್ಲಿ ಮತ್ತೆ ಅದೇ ನೆದರ್‌ಲ್ಯಾಂಡ್ಸ್, 5–4.

1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್, ಹಿಂದಿನ ಚಾಂಪಿಯನ್ ಬೆಲ್ಜಿಯಂ ತಂಡವನ್ನು 8–1ರಿಂದ ಬಗ್ಗುಬಡಿಯಿತು. ಕಂಚಿಗಾಗಿ ಎದುರಾದದ್ದು ಮತ್ತದೇ ನೆದರ್‌ಲ್ಯಾಂಡ್ಸ್! ಮೊದಲ ದಿನ 1–1 ಸಮಬಲ. ಮರುದಿನ ಸ್ವೀಡನ್ನಿಗೆ 3–1ರ ಗೆಲುವು. ಎರಡು ಗೋಲು ಸ್ವೆನ್ ರೀಡೆಲ್ ಹೊಡೆದದ್ದು.

1920ಕ್ಕೇ ಲೆಕ್ಕ ಮುಗಿಸಿದ್ದರೆ ಈ ಗೆಲುವು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.